ಓದುಗರ ಪ್ರಶ್ನೆ: ದೇಶಕ್ಕೆ ದೇಶವೇ ಅತ್ತ ದಿನ ದೇವರ ಮುಂದೆ ಏನೆಂದು ಕೂರುವುದು?

ದೊಡ್ಡ ಆಪತ್ತುಗಳ ನಂತರ ನಂಬಿಕೆ ಅಲುಗಾಡಿದ ಬಗ್ಗೆ ಮುಂಬಯಿ, ಪುಣೆ, ಗೋವಾದ ಓದುಗರು ಬರೆದ ಪತ್ರಗಳಲ್ಲಿ ಆರನ್ನು ಈ ಬಾರಿ ಆರಿಸಿದ್ದೇವೆ. ಅಪರಕರ್ಮದ ವಿಧಿ ಬಲ್ಲವರು, ಆಪ್ತಸಲಹೆಗಾರರು ಮತ್ತು ಪರಿಹಾರ ಕೆಲಸದ ಅನುಭವ ಇರುವವರು ಸೇರಿ ಉತ್ತರಿಸಿದ್ದಾರೆ.

ಪಹಲ್ಗಾಮ್ ದಾಳಿಯ ಸುದ್ದಿ ಬಂದ ದಿನದಿಂದ ದೇವರ ಮುಂದೆ ಕೂತರೆ ಸಿಟ್ಟೇ ಬರುತ್ತದೆ. ಸತ್ತವರಲ್ಲಿ ನಮ್ಮ ಡೊಂಬಿವಲಿಯವರೂ ಇದ್ದರು. ವರ್ಷಗಟ್ಟಲೆ ತಪ್ಪದೆ ಹೇಳಿಕೊಂಡು ಬಂದ ಸಹಸ್ರನಾಮ ಈಗ ಅರ್ಧಕ್ಕೇ ನಿಲ್ಲುತ್ತದೆ. ದೇವರ ಮೇಲೆ ಸಿಟ್ಟು ಮಾಡಿಕೊಂಡರೆ ಮನೆಗೆ ಕೇಡು ಅನ್ನುತ್ತಾರೆ ಅತ್ತೆ. ಹೌದೇ?
ಗೃಹಿಣಿ, ಡೊಂಬಿವಲಿ ಪೂರ್ವ

ಕೇಡೇನೂ ಇಲ್ಲ. ನಿಮ್ಮ ಅತ್ತೆಯವರಿಗೆ ನಮ್ಮ ದಾಸರನ್ನು ನೆನಪಿಸಿ. ದೇವರನ್ನು ಕಳ್ಳ, ಸಾಲಗಾರ, ಕರುಣೆಯಿಲ್ಲದವ ಎಂದೆಲ್ಲ ಮುಖಕ್ಕೆ ಹೊಡೆದಂತೆ ಬೈಯುವುದಕ್ಕೆ ನಮ್ಮಲ್ಲಿ ನಿಂದಾಸ್ತುತಿ ಎಂಬ ಹೆಸರೇ ಇದೆ. ಅದನ್ನು ಭಜನೆಯಲ್ಲಿ ತಾಳ ಹಾಕಿಕೊಂಡು ಹಾಡುತ್ತೇವೆ.

ನಿಮ್ಮ ಮಗ್ಗುಲಲ್ಲೇ ಇನ್ನೊಂದು ಉದಾಹರಣೆಯಿದೆ. ಮುಂಬಯಿ, ಕೊಂಕಣದ ಬೆನೆ ಇಸ್ರೇಲಿಗಳು ಯೆಹೂದ್ಯರು. ಯೆರೂಸಲೇಮಿನ ದೇವಾಲಯ ಎರಡು ಸಲ, ಕ್ರಿಸ್ತಪೂರ್ವ 586ರಲ್ಲಿ ಮತ್ತು ಕ್ರಿಸ್ತಶಕ 70ರಲ್ಲಿ, ನಾಶವಾದದ್ದಕ್ಕೆ ಯೆಹೂದ್ಯರು ತಮ್ಮ ಪಂಚಾಂಗದ ಆವ್ ತಿಂಗಳ ಒಂಬತ್ತನೆಯ ದಿನ ಉಪವಾಸವಿದ್ದು, ಚರ್ಮದ ಚಪ್ಪಲಿ ಬಿಟ್ಟು, ನೆಲದ ಮೇಲೋ ಗಿಡ್ಡ ಮಣೆಯ ಮೇಲೋ ಕೂತು ಬೈಬಲಿನ ಪ್ರಲಾಪಗಳು ಎಂಬ ಗ್ರಂಥದ ಐದು ಅಧ್ಯಾಯಗಳನ್ನು ಓದುತ್ತಾರೆ. ಕೊನೆಯ ಸಾಲು ಬಹಳ ಕಹಿ: ದೇವರು ನಮ್ಮನ್ನು ಪೂರ್ತಿ ಕೈಬಿಟ್ಟನೇ ಎಂಬ ಸಂಶಯದಲ್ಲೇ ಅದು ಮುಗಿಯುತ್ತದೆ. ಆ ಸಾಲನ್ನು ಅವರು ತಿದ್ದಿಲ್ಲ, ತೆಗೆದಿಲ್ಲ. ಓದಿದ ಮೇಲೆ ಅದರ ಹಿಂದಿನ ಸಾಲನ್ನು ಇನ್ನೊಮ್ಮೆ ಹೇಳಿ ಏಳುತ್ತಾರೆ, ಅಷ್ಟೇ. ಉತ್ತರ ಸಿಗದ ಪ್ರಶ್ನೆಯನ್ನು ಎರಡು ಸಾವಿರ ವರ್ಷ ಹಾಗೇ ಇಟ್ಟುಕೊಂಡು ಬಂದ ಜನ ಅವರು.

ಈಗ ಮಾಡಬೇಕಾದ್ದು. ಸಹಸ್ರನಾಮವನ್ನು ಸದ್ಯಕ್ಕೆ ಬದಿಗಿಡಿ. ಒಂದೇ ಹೊತ್ತು, ಒಂದೇ ಜಾಗ, ಒಂದು ಬತ್ತಿ, ಎರಡು ಚಮಚ ಎಣ್ಣೆ. ಹತ್ತು ನಿಮಿಷ ಸುಮ್ಮನೆ ಕೂತು ಏಳಿ. ಬಾಯಿಗೆ ಏನಾದರೂ ಬೇಕೆನಿಸಿದರೆ ಅಷ್ಟೋತ್ತರ ಸಾಕು, ಅದು ಆ ಹತ್ತು ನಿಮಿಷದೊಳಗೇ ಮುಗಿಯುತ್ತದೆ. ಎರಡು ವಾರ ಇದಕ್ಕಿಂತ ಹೆಚ್ಚು ಮಾಡಬೇಡಿ. ಮೈಲಿಗೆ, ಸೂತಕ ಅಂತ ನಾವು ಗೊಣಗುತ್ತೇವೆ. ಆದರೆ ಮನೆಯಲ್ಲಿ ಸಾವಾದ ಹತ್ತು ದಿನ ದೇವರ ಪೂಜೆ ಬೇಡ ಎಂದು ಬರೆದಿಟ್ಟವರಿಗೆ ಆ ಹೊತ್ತಿನಲ್ಲಿ ಕೈ ಮೇಲೇಳುವುದಿಲ್ಲ ಎಂಬುದೂ ಗೊತ್ತಿತ್ತು ಅನ್ನಿಸುತ್ತದೆ.

ಸಾಮಾನ್ಯವಾಗಿ ಎಡವುವುದು ಇಲ್ಲಿ: ಮನಸ್ಸು ಕದಡಿದೆ ಎಂದು ಮೊದಲ ವಾರದಲ್ಲೇ ಸಪ್ತಾಹ ಪಾರಾಯಣದ ಸಂಕಲ್ಪ ಮಾಡುತ್ತಾರೆ. ಮೂರನೇ ದಿನಕ್ಕೆ ಗಂಟಲು ಕಟ್ಟುತ್ತದೆ, ಓದು ನಿಲ್ಲುತ್ತದೆ. ಇದ್ದ ದುಃಖದ ಜತೆಗೆ ಸಂಕಲ್ಪಭಂಗದ ಅಂಜಿಕೆಯೂ ಸೇರಿಕೊಳ್ಳುತ್ತದೆ. ಇನ್ನೊಂದು, ಹಾಲ್‌ನಲ್ಲಿ ಟಿವಿ ಅದೇ ದೃಶ್ಯವನ್ನು ಇಪ್ಪತ್ತನೇ ಸಲ ತೋರಿಸುತ್ತಿರುವಾಗ ಒಳಗೆ ದೀಪದ ಮುಂದೆ ಕೂರುವುದು. ಆ ಹತ್ತು ನಿಮಿಷ ಟಿವಿ ಆರಿಸಿ. ಎರಡು ವಾರ ಕಳೆದರೂ ನಿದ್ದೆ, ಊಟ ಸರಿಹೋಗದಿದ್ದರೆ ಅದು ದೇವರ ಮನೆಯಲ್ಲಿ ಬಗೆಹರಿಯುವ ವಿಷಯವಲ್ಲ. ಬದುಕು ಬೇಡ ಎನ್ನಿಸಿದರಂತೂ ಎರಡು ವಾರವೂ ಕಾಯಬೇಡಿ. ಸರ್ಕಾರದ ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಯಾವ ಹೊತ್ತಿನಲ್ಲೂ ಕರೆ ಮಾಡಬಹುದು, ದುಡ್ಡಿಲ್ಲ.

ನಮ್ಮ ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ಪ್ರತಿ ದುರಂತಕ್ಕೂ ಒಬ್ಬರು "ಅದು ಅಲ್ಲಿನವರ ಪಾಪದ ಫಲ" ಎಂದು ಬರೆಯುತ್ತಾರೆ. ಕರ್ಮಸಿದ್ಧಾಂತವನ್ನು ನಾನೂ ನಂಬುತ್ತೇನೆ, ಆದರೆ ಇದನ್ನು ಓದಿದಾಗ ಹೊಟ್ಟೆ ತೊಳಸುತ್ತದೆ. ಏನು ಹೇಳಲಿ?
ನಿವೃತ್ತ ಬ್ಯಾಂಕ್ ನೌಕರ, ಪಿಂಪ್ರಿ

ಈ ವಾದಕ್ಕೆ ಬಹಳ ದೊಡ್ಡವರೂ ಸಿಕ್ಕಿಬಿದ್ದಿದ್ದಾರೆ. 1934ರ ಜನವರಿ 15ರಂದು ಬಿಹಾರ, ನೇಪಾಳದಲ್ಲಿ ಭೂಮಿ ನಡುಗಿ ಹತ್ತು ಸಾವಿರಕ್ಕೂ ಹೆಚ್ಚು ಜನ ಸತ್ತರು. ಅಸ್ಪೃಶ್ಯತೆಯ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆ ಇದು ಎಂದುಬಿಟ್ಟರು ಗಾಂಧೀಜಿ. ರವೀಂದ್ರನಾಥ ಠಾಕೂರರಿಗೆ ನೋವಾಯಿತು. ಅವರು ಬರೆದು ಕಳಿಸಿದ ಆಕ್ಷೇಪವನ್ನು ಗಾಂಧೀಜಿ ಫೆಬ್ರುವರಿ 16ರ 'ಹರಿಜನ' ಪತ್ರಿಕೆಯಲ್ಲಿ ತಾವೇ ಅಚ್ಚುಹಾಕಿ ಉತ್ತರ ಕೊಟ್ಟರು. ಅಸ್ಪೃಶ್ಯತೆ ತೊಲಗಬೇಕು ಎಂಬಲ್ಲಿ ಇಬ್ಬರಿಗೂ ಎರಡು ಮಾತಿರಲಿಲ್ಲ. ಠಾಕೂರರ ತಕರಾರು ಬೇರೆ: ನೆಲ ನಡುಗುವುದಕ್ಕೆ ನೆಲದೊಳಗೇ ಕಾರಣವಿದೆ, ಅದಕ್ಕೆ ನೀತಿಯ ಲೆಕ್ಕ ಗಂಟುಹಾಕಬೇಡಿ, ಹಾಕಿದರೆ ನಿಮ್ಮ ವಿರೋಧಿಗಳು ಅದೇ ಭೂಕಂಪವನ್ನು ನಿಮ್ಮ ತಲೆಗೇ ಕಟ್ಟುತ್ತಾರೆ. ಗಾಂಧೀಜಿ ತಮ್ಮ ಮಾತು ಬಿಡಲಿಲ್ಲ. ಈ ಜಗಳದಲ್ಲಿ ನಮ್ಮ ಮತ ಠಾಕೂರರಿಗೆ.

ಹತ್ತಿರದ ಲಾತೂರು ಜಿಲ್ಲೆಯ ಕಿಲ್ಲಾರಿ ಭೂಕಂಪವನ್ನೇ ನೋಡಿ. 1993ರ ಸೆಪ್ಟೆಂಬರ್ 30, ಬೆಳಗಿನ ಜಾವ ನಾಲ್ಕಕ್ಕೆ ಸ್ವಲ್ಪ ಮುಂಚೆ. ಹಿಂದಿನ ರಾತ್ರಿ ಗಣಪತಿ ಬಿಟ್ಟು ಬಂದು ಮಲಗಿದ್ದರು ಜನ. ದೇವರ ಕೆಲಸ ಮುಗಿಸಿ ಬಂದು ಮಲಗಿದವರಿಗೆ ಯಾವ ಪಾಪದ ಲೆಕ್ಕ ಬರೆಯುತ್ತೀರಿ? ಕೊಂದದ್ದು ಮಾಳಿಗೆ. ಎರಡು ಮೂರು ಅಡಿಗೂ ಮೀರಿದ ದಪ್ಪದ ಕಲ್ಲುಗೋಡೆ, ನಡುವೆ ಬರೀ ಕೆಸರು ಮಣ್ಣು. ಒಳಮೈ ಕಲ್ಲು, ಹೊರಮೈ ಕಲ್ಲುಗಳನ್ನು ಹಿಡಿದಿಡುವ ಅಡ್ಡಗಲ್ಲು ಇಲ್ಲ. ಮೇಲೆ ಬಿಸಿಲಿಗೆ ತಂಪಾಗಲೆಂದು ಹೇರಿದ ಅಡಿಗಟ್ಟಲೆ ಮಣ್ಣು. ಕೆಲವೇ ಸೆಕೆಂಡು ನಡುಗಿದ್ದಕ್ಕೆ ಗೋಡೆ ಎರಡಾಗಿ ಸೀಳಿ ಮೇಲಿನ ಮಣ್ಣು ಮಲಗಿದವರ ಮೇಲೆ ಬಿತ್ತು. ನಮ್ಮ ಬೀದರ, ಕಲಬುರಗಿ ಕಡೆಯ ಹಳೆಯ ಮನೆಗಳೂ ಇದೇ ಜಾತಿಯವು. ದಖನ್ನಿನ ಈ ನೆಲ ಗಟ್ಟಿ ಎಂಬ ಭರವಸೆ ಅಂದು ಮುರಿಯಿತು. ಅತಿ ಕಡಿಮೆ ಅಪಾಯದ ಮೊದಲನೇ ವಲಯ ಎಂಬುದನ್ನೇ 2002ರಲ್ಲಿ ದೇಶದ ಭೂಕಂಪ ನಕ್ಷೆಯಿಂದ ತೆಗೆದುಹಾಕಿದರು.

ಗೋವೆಯನ್ನು ಆಳುತ್ತಿದ್ದ ಪೋರ್ಚುಗಲ್ಲಿನ ರಾಜಧಾನಿ ಲಿಸ್ಬನ್ ಬಿದ್ದದ್ದು 1755ರ ನವೆಂಬರ್ 1ರಂದು, ಸಕಲ ಸಂತರ ಹಬ್ಬದ ಬೆಳಿಗ್ಗೆ, ಜನ ಇಗರ್ಜಿಗಳಲ್ಲಿ ಸೇರಿದ್ದ ಹೊತ್ತಿಗೆ. ಮಾಲಗ್ರಿಡಾ ಎಂಬ ಜೆಸ್ವಿಟ್ ಪಾದ್ರಿ ಇದು ದೇವರ ಕೋಪ ಎಂದು ಸಾರಿದರು. ಮುಂದೆ ಪೊಂಬಾಲ್ ಎಂದು ಹೆಸರಾದ ಮಂತ್ರಿ ಪ್ರತಿ ಪ್ಯಾರಿಷ್‌ಗೂ ಪ್ರಶ್ನೆಗಳ ಪಟ್ಟಿ ಕಳಿಸಿದರು: ಎಷ್ಟು ಹೊತ್ತು ನಡುಗಿತು, ಎಷ್ಟು ಜನ ಸತ್ತರು, ಸಮುದ್ರ ಮೊದಲು ಇಳಿಯಿತೇ ಏರಿತೇ. ಆ ಉತ್ತರಗಳನ್ನು ಭೂಕಂಪ ಶಾಸ್ತ್ರಜ್ಞರು ಇಂದಿಗೂ ತೆಗೆದು ನೋಡುತ್ತಾರೆ.

ಕರ್ಮವನ್ನು ನಂಬುವ ನಿಮಗೆ ಬುದ್ಧ ಮೋಳಿಯ ಸೀವಕ ಎಂಬ ಪರಿವ್ರಾಜಕನಿಗೆ ಹೇಳಿದ್ದು ಉಪಯೋಗಕ್ಕೆ ಬಂದೀತು. ಅನುಭವಿಸುವುದೆಲ್ಲ ಹಿಂದಿನ ಕರ್ಮದಿಂದಲೇ ಎನ್ನುವವರು ಸರಿಯೇ ಎಂದು ಅವನು ಕೇಳಿದ. ಬುದ್ಧ ಎಂಟು ಕಾರಣ ಎಣಿಸಿದ: ಪಿತ್ತ, ಕಫ, ವಾತ, ಮೂರೂ ಕೂಡಿದ್ದು, ಋತುವಿನ ಬದಲಾವಣೆ, ಅಜಾಗರೂಕತೆ, ಬೇರೆಯವರ ಹಲ್ಲೆ, ಕೊನೆಗೆ ಕರ್ಮ. ಎಂಟರಲ್ಲಿ ಒಂದು! ಅತಿವೃಷ್ಟಿ, ಕೆಟ್ಟ ಕಟ್ಟಡ, ಗುಂಡೇಟು ಎಲ್ಲಕ್ಕೂ ಉಳಿದ ಏಳರಲ್ಲೇ ಜಾಗವಿದೆ.

ಗುಂಪಿನಲ್ಲಿ ಉದ್ದುದ್ದ ಬರೆಯಬೇಡಿ, ಚರ್ಚೆ ಬೆಳೆದಷ್ಟೂ ಆ ಮನುಷ್ಯನಿಗೆ ಹುರುಪು ಬರುತ್ತದೆ. ಇಷ್ಟು ಸಾಕು: "ಸತ್ತವರ ಮನೆಯವರು ಇದನ್ನು ಓದಬಹುದು, ದಯವಿಟ್ಟು ಅಳಿಸಿ. ನಮ್ಮ ಕಟ್ಟಡದ ಸ್ಟ್ರಕ್ಚರಲ್ ಆಡಿಟ್ ಯಾವಾಗ ಆಗಿದೆ ಅಂತ ಮುಂದಿನ ಸಭೆಯಲ್ಲಿ ನೋಡೋಣ." ಎರಡನೇ ವಾಕ್ಯ ಸುಮ್ಮನೆ ಸೇರಿಸಿದ್ದಲ್ಲ. ಮಹಾರಾಷ್ಟ್ರದ ಸೊಸೈಟಿಗಳ ಮಾದರಿ ಉಪವಿಧಿಯ ಪ್ರಕಾರ 15ರಿಂದ 30 ವರ್ಷದ ಕಟ್ಟಡಕ್ಕೆ 5 ವರ್ಷಕ್ಕೊಮ್ಮೆ, 30 ದಾಟಿದ್ದಕ್ಕೆ 3 ವರ್ಷಕ್ಕೊಮ್ಮೆ ಈ ಪರೀಕ್ಷೆ ಆಗಬೇಕು.

ನಮ್ಮ ಮಂದಿ ಒಬ್ಬಾಂವ ಗುಡ್ಡ ಕುಸಿದಾಗ ಹೋದ. ತಿಂಗಳಾತು, ಹೆಣ ಸಿಕ್ಕಿಲ್ಲ. ಅವರವ್ವ ಇನ್ನೂ ಬಾಗಲಾ ತೆಗದಿಟ್ಟು ಕುಂತಾಳ. ಊರಾಗಿನವರು ಕರ್ಮ ಮಾಡ್ರಿ ಅಂತಾರ. ಹೆಣ ಇಲ್ದ ಹ್ಯಾಂಗ ಮಾಡೂದು?
ಕಟ್ಟಡ ಕಾರ್ಮಿಕ, ಬೈನಾ, ವಾಸ್ಕೋ

ಮೊದಲು ಕಾಗದದ ಕೆಲಸ, ಅದು ತಡವಾದರೆ ಕೆಡುತ್ತದೆ. ದುರಂತ ನಡೆದ ಜಾಗದ ಠಾಣೆಯಲ್ಲಿ ಕಾಣೆಯಾದ ದೂರು ದಾಖಲಾಗಿದೆಯೇ ನೋಡಿ, ಅದರ ಪ್ರತಿ ಇಟ್ಟುಕೊಳ್ಳಿ. ಡಿಎನ್‌ಎ ಪರೀಕ್ಷೆಗೆ ತಾಯಿ, ತಂದೆ ಅಥವಾ ಮಕ್ಕಳ ರಕ್ತ ಕೊಡಬೇಕು. ಹೆಂಡತಿಯ ರಕ್ತದಿಂದ ಗುರುತು ಹತ್ತುವುದಿಲ್ಲ. ಆತನ ಹಲ್ಲುಜ್ಜುವ ಬ್ರಷ್, ದಾಡಿ ಬ್ಲೇಡು, ಬಾಚಣಿಕೆ ತೊಳೆಯದೆ ಕಾಗದದ ಲಕೋಟೆಯಲ್ಲಿ ಇಡಿ. ಪ್ಲಾಸ್ಟಿಕ್ಕಿನಲ್ಲಿ ತೇವ ನಿಂತು ಹಾಳಾಗುತ್ತದೆ. ಕಾಣೆಯಾದವರನ್ನು ಸತ್ತರೆಂದು ಕಾನೂನು ಭಾವಿಸುವುದು ಸಾಮಾನ್ಯವಾಗಿ 7 ವರ್ಷದ ಮೇಲೆ. ಆದರೆ 2004ರ ಸುನಾಮಿ, 2013ರ ಕೇದಾರನಾಥದಂಥ ದುರಂತಗಳಲ್ಲಿ ಸರ್ಕಾರ ಅಷ್ಟು ಕಾಯಿಸದೆ ಮರಣ ಪತ್ರ ಕೊಟ್ಟದ್ದಿದೆ. ಆದ್ದರಿಂದ ಆ ಜಿಲ್ಲೆಯ ಜಿಲ್ಲಾಧಿಕಾರಿ ಕಚೇರಿಯಲ್ಲಿ ವಿಶೇಷ ಆದೇಶ ಇದೆಯೇ ಎಂದು ಬರವಣಿಗೆಯಲ್ಲಿ ಕೇಳಿ. ಕರ್ಮ ಮಾಡಿದ್ದು ಕಾನೂನಿಗೆ ಪುರಾವೆಯಲ್ಲ. ಪತ್ರ ಸಿಕ್ಕಿಲ್ಲವೆಂದು ಕರ್ಮ ನಿಲ್ಲಿಸಬೇಕಾಗಿಯೂ ಇಲ್ಲ.

ಇನ್ನು ವಿಧಿ. ವೈದಿಕ ಪದ್ಧತಿಯವರಿಗೆ ಪಲಾಶವಿಧಿ ಇದೆ. ಮುತ್ತುಗದ ಎಲೆಯ 360 ತೊಟ್ಟುಗಳನ್ನು ಆಳಿನ ಆಕಾರದಲ್ಲಿ ಜೋಡಿಸಿ, ತಲೆಗೆ ತೆಂಗಿನಕಾಯಿ ಇಟ್ಟು, ದರ್ಭೆಯಿಂದ ಕಟ್ಟಿ, ಆ ಪ್ರತಿಕೃತಿಗೇ ದಹನ ಮಾಡುತ್ತಾರೆ. ಚರಕ ಸಂಹಿತೆ ಎಣಿಸುವ ಎಲುಬುಗಳೂ 360. ಸೂತಕ ಅಲ್ಲಿಂದ ಎಣಿಕೆ. ಕೆಲವರು ಇದರ ಜತೆ ನಾರಾಯಣ ಬಲಿ, ನಾಗಬಲಿ ಎಂದು ಮೂರು ದಿನದ ಕಟ್ಟಳೆ ಸೇರಿಸಿ ದೊಡ್ಡ ಮೊತ್ತ ಹೇಳುತ್ತಾರೆ. ಹೇಳಿದ್ದಕ್ಕೆಲ್ಲ ತಲೆಯಾಡಿಸಬೇಡಿ, ಇವುಗಳಲ್ಲಿ ಯಾವುದು ಏಕೆ ಬೇಕು ಎಂದು ಒಂದೊಂದಾಗಿ ಕೇಳಿ. ಸಾಲ ಮಾಡಿ ಮಾಡುವ ಕರ್ಮ ಇದಲ್ಲ.

ಲಿಂಗಾಯತರಾದರೆ ತತ್ತ್ವದಲ್ಲಿ ಸೂತಕವೇ ಇಲ್ಲ. ಜಂಗಮರನ್ನು ಕೇಳಿ ಶಿವಗಣಾರಾಧನೆಗೆ ದಿನ ಗೊತ್ತುಮಾಡಿಕೊಳ್ಳಬಹುದು. ಮುಸಲ್ಮಾನರಲ್ಲಿ ಭಟ್ಕಳ, ಕೊಂಕಣದ ಶಾಫಿ ಪಂಥದವರು ದೇಹವಿಲ್ಲದೆಯೂ ಜನಾಜಾ ನಮಾಜ್ ಮಾಡುತ್ತಾರೆ. ಹನಫಿ ಪಂಥದಲ್ಲಿ ಅದು ಇಲ್ಲ, ದುವಾ ಮಾಡಿ ಪುಣ್ಯ ಸಲ್ಲಿಸುತ್ತಾರೆ. ಕ್ರೈಸ್ತರಲ್ಲಿ ದೇಹವಿಲ್ಲದೆ ಪೂಜೆ ಅರ್ಪಿಸಲು ಅಡ್ಡಿಯಿಲ್ಲ.

ಕಷ್ಟದ್ದು ತಾಯಿಯ ವಿಷಯ. ಆಕೆಗೆ ಗೊತ್ತಾಗದಂತೆ ಬೇರೆ ಊರಲ್ಲಿ ಕರ್ಮ ಮುಗಿಸಿ ಬರುವವರಿದ್ದಾರೆ. ಇದರಷ್ಟು ಮನೆ ಒಡೆಯುವ ಕೆಲಸ ಇನ್ನೊಂದಿಲ್ಲ. ಮಗನನ್ನು ಬದುಕಿಸಿಟ್ಟಿರುವವಳು ತಾನೊಬ್ಬಳೇ, ಉಳಿದವರೆಲ್ಲ ಕೊಂದರು ಎಂದು ಆಕೆ ತಿಳಿಯುತ್ತಾಳೆ. "ಸತ್ತಾನ, ಒಪ್ಪಿಕೋ" ಅನ್ನಬೇಡಿ. "ಎಲ್ಲಿದ್ರೂ ಅವನ ಹೆಸರಿಲೆ ಒಂದು ದೀಪ ಹಚ್ಚೂಣು, ನಾಕು ಮಂದಿಗೆ ಉಣಿಸೂಣು" ಎಂದು ಕೇಳಿ. ಅದಕ್ಕೆ ಒಪ್ಪಿದ ಮೇಲೆ ಮುಂದಿನ ದಿನವನ್ನು ಆಕೆಯ ಬಾಯಿಂದಲೇ ಹೇಳಿಸಿ. ಸುದ್ದಿಯಿಲ್ಲದೆ ದೇಶಾಂತರ ಹೋದವನಿಗೆ ಹನ್ನೆರಡು ವರ್ಷ ಕಾಯುವ ರೂಢಿಯಿದ್ದ ನಾಡು ಇದು, ಆಕೆಗೆ ಕೆಲವು ತಿಂಗಳು ಕೊಡಬಹುದು.

ನಮ್ಮ ಕನ್ನಡ ಸಂಘದಲ್ಲಿ ಶ್ರದ್ಧಾಂಜಲಿ ಸಭೆ ಇಟ್ಟರೆ ಭಾಷಣಗಳಲ್ಲೇ ಮುಗಿಯುತ್ತದೆ, ಕೊನೆಗೆ ಜಗಳ. ಎಲ್ಲ ಧರ್ಮದವರೂ ಇರುವ ಸಭೆಯನ್ನು ಸರಿಯಾಗಿ ಮಾಡುವುದು ಹೇಗೆ?
ಸಂಘದ ಕಾರ್ಯದರ್ಶಿ, ಮುಂಬಯಿ

ಭಾಷಣವನ್ನೇ ತೆಗೆಯಿರಿ, ಅರ್ಧ ಸಮಸ್ಯೆ ಅಲ್ಲೇ ಹೋಗುತ್ತದೆ. ಒಟ್ಟು 45 ನಿಮಿಷ ಮೀರಬಾರದು. ಭಾನುವಾರ ರೈಲಿನ ಮೆಗಾ ಬ್ಲಾಕ್ ಇರುವುದರಿಂದ ಸಂಜೆ ಐದೂವರೆಗೆ ಇಡಿ, ದೂರದಿಂದ ಬರುವವರಿಗೆ ಹೊತ್ತು ಸಿಗುತ್ತದೆ.

ಸಭೆಯ ಬೆನ್ನೆಲುಬು ಹೆಸರು ಓದುವುದು. ಒಂದು ಹೆಸರಿಗೆ 5 ಸೆಕೆಂಡು ಹಿಡಿಯಿರಿ. 2008ರ ನವೆಂಬರ್ 26ರ ದಾಳಿಯಲ್ಲಿ ಸತ್ತ 166 ಜನರ ಹೆಸರಿಗೆ ಸುಮಾರು 14 ನಿಮಿಷ, 1993ರ ಮಾರ್ಚ್ 12ರ ಸ್ಫೋಟಗಳ 257 ಹೆಸರಿಗೆ ಇಪ್ಪತ್ತೊಂದೂವರೆ. ಉದ್ದವಾಯಿತು ಅನ್ನಿಸುತ್ತದೆ, ಅನ್ನಿಸಲಿ. ಎಷ್ಟು ಜನ ಎಂಬುದು ಕಿವಿಗೆ ತಾಗುವುದು ಹಾಗೆಯೇ. ಅಕ್ಷರಾನುಕ್ರಮದಲ್ಲಿ ಓದಿ. ಧರ್ಮ, ಹುದ್ದೆ, ಊರು ಹೇಳಬೇಡಿ. ಶ್ರೀ, ಶ್ರೀಮತಿಯೂ ಬೇಡ. ಇಬ್ಬರು ಓದುಗರು ಸಾಕು, ಇಪ್ಪತ್ತು ಹೆಸರಿಗೊಮ್ಮೆ ಬದಲಾಗಲಿ. ಒಬ್ಬರಿಗೇ ಬಿಟ್ಟರೆ ಮೂವತ್ತರ ಹೊತ್ತಿಗೆ ಮತದಾರರ ಪಟ್ಟಿ ಓದಿದಂತಾಗುತ್ತದೆ. ಹಿಂದಿನ ದಿನ ಜೋರಾಗಿ ಓದಿ ಅಭ್ಯಾಸ ಮಾಡಿ. ಗುಜರಾತಿ, ಮಲಯಾಳಿ, ವಿದೇಶಿ ಹೆಸರುಗಳ ಉಚ್ಚಾರಣೆಯನ್ನು ಆ ಭಾಷೆಯವರಿಂದ ಕೇಳಿ ಕನ್ನಡದಲ್ಲಿ ಬರೆದುಕೊಳ್ಳಿ.

ಮೌನ ಎರಡೇ ನಿಮಿಷ. ಐದು ನಿಮಿಷ ಎಂದು ಘೋಷಿಸುತ್ತಾರೆ, ಮೂರನೇ ನಿಮಿಷಕ್ಕೆ ಕೆಮ್ಮು, ಕುರ್ಚಿ ಎಳೆದಾಟ ಶುರುವಾಗಿ ಯಾರೋ ಅಂದಾಜಿನ ಮೇಲೆ ನಿಲ್ಲಿಸುತ್ತಾರೆ. ಗಡಿಯಾರ ನೋಡುವವರು ಒಬ್ಬರೇ ಇರಲಿ, ಮುಗಿದದ್ದಕ್ಕೆ ಒಂದು ಸಲ ಗಂಟೆ ಹೊಡೆಯಲಿ.

ದೀಪಕ್ಕೆ: ಮನೆಗೊಂದು ಹಣತೆ. 60 ಹಣತೆಗೆ ತಲಾ 15 ಮಿಲಿಲೀಟರ್ ಎಂದರೆ 900, ಒಂದು ಲೀಟರ್ ಎಣ್ಣೆ ಸಾಕು. ಮೇಜಿನ ಬಟ್ಟೆಯ ಮೇಲೆ ಸಾಲಾಗಿ ಇಡಬೇಡಿ. ದೊಡ್ಡ ಪರಾತಗಳಲ್ಲಿ ಎರಡು ಅಂಗುಲ ಮರಳು ಹರಡಿ ಅದರಲ್ಲಿ ಕೂರಿಸಿ, ಎಣ್ಣೆ ಚೆಲ್ಲಿದರೂ ಮರಳು ಕುಡಿಯುತ್ತದೆ. ಹಚ್ಚುವ ಮುಂಚೆ ಫ್ಯಾನ್ ನಿಲ್ಲಿಸಿ. ಇದನ್ನು ಮರೆಯದ ಸಂಘವೇ ಇಲ್ಲ.

ಹಾಡು ಒಂದು, ಎಲ್ಲರ ಬಾಯಿಗೂ ಬರುವ ಪದ ಅಥವಾ ವಚನ. ಮೂರು ಧರ್ಮದ ಮೂವರಿಂದ ಮೂರು ಪ್ರಾರ್ಥನೆ ಎಂಬ ಪದ್ಧತಿ ನಮಗೆ ಒಪ್ಪಿಗೆಯಿಲ್ಲ. ನಾಲ್ಕನೆಯವರು ನಮ್ಮದೇಕಿಲ್ಲ ಎನ್ನುತ್ತಾರೆ, ಕೇಳುವುದರಲ್ಲಿ ತಪ್ಪೂ ಇಲ್ಲ. ಸತ್ತ ಪ್ರಯಾಣಿಕರನ್ನು, ಕೂಲಿಯವರನ್ನು ಹುತಾತ್ಮರು ಎಂದು ಕರೆಯಬೇಡಿ. ಅವರು ಸಾಯಲೆಂದು ಮನೆಯಿಂದ ಹೊರಟವರಲ್ಲ. ನಿಧಿ ಸಂಗ್ರಹದ ಡಬ್ಬಿ ಬಾಗಿಲ ಹೊರಗಿರಲಿ.

ಒಂಬತ್ತು ವರ್ಷದ ಮಗಳು ಟಿವಿ ನೋಡಿ "ಆಗ ದೇವರು ಎಲ್ಲಿದ್ದ?" ಎಂದಳು. ನಾನು ಮಾತು ಮರೆಸಿದೆ. ತಪ್ಪಾಯಿತೇ?
ತಾಯಿ, ಕೋಥ್ರೂಡ್, ಪುಣೆ

ಮತ್ತೆ ನೀವೇ ವಿಷಯ ತೆಗೆಯಿರಿ, ಮಕ್ಕಳು ಮರೆತಿರುವುದಿಲ್ಲ. "ನನಗೂ ಅದು ಗೊತ್ತಿಲ್ಲ ಪುಟ್ಟಾ, ನಿನಗೆ ಏನನ್ನಿಸ್ತು?" ಎಂದು ಕೇಳಿ. ಆ ಪ್ರಶ್ನೆಯ ಕೆಳಗೆ ಹೆಚ್ಚಾಗಿ "ನಮಗೂ ಹಾಗಾಗುತ್ತಾ?" ಎಂಬ ಭಯ ಇರುತ್ತದೆ. ಅದಕ್ಕೆ ಖಚಿತ ಉತ್ತರ ಕೊಡಿ: ಮನೆಯಲ್ಲಿ ಎಲ್ಲರೂ ಬೇರೆಯಾದರೆ ಎಲ್ಲಿ ಸೇರುವುದು, ಯಾರ ನಂಬರ್ ಬಾಯಿಪಾಠ ಇರಬೇಕು, 112ಕ್ಕೆ ಏನು ಹೇಳಬೇಕು. "ಒಳ್ಳೆಯವರನ್ನು ದೇವರು ಬೇಗ ಕರೆಸಿಕೊಳ್ಳುತ್ತಾನೆ" ಎಂದು ಮಾತ್ರ ಹೇಳಬೇಡಿ. ಒಳ್ಳೆಯವಳಾಗಿರಲು ಹೆದರುವ ಮಕ್ಕಳಿದ್ದಾರೆ.

ಪ್ರವಾಹ, ಭೂಕಂಪ ಎಂದಾಗ ಹೋಟೆಲಿನಿಂದ ಒಂದು ಲಾರಿ ಸಾಮಾನು ಕಳಿಸಬೇಕೆನ್ನಿಸುತ್ತದೆ. ಪೂಜೆಗಿಂತ ಇದೇ ದೊಡ್ಡದು ಎಂಬುದು ನನ್ನ ಎಣಿಕೆ. ಏನು ಕಳಿಸಲಿ?
ಹೋಟೆಲ್ ಮಾಲೀಕ, ಮಡಗಾಂವ್

ನಿಮ್ಮ ಎಣಿಕೆಗೆ ಹಿರಿಯರ ಬೆಂಬಲವಿದೆ. ಬಸವಣ್ಣನವರು ಇದ್ದ ಮಂಗಳವೇಢೆಯಲ್ಲೇ ಮುಂದೆ ದಾಮಾಜಿಪಂತ ಎಂಬ ಅಧಿಕಾರಿ ಬರಗಾಲದಲ್ಲಿ ಬೀದರದ ಸುಲ್ತಾನನ ಕಣಜವನ್ನು ಹಸಿದವರಿಗೆ ತೆರೆದನೆಂದೂ, ಅದರ ಹಣವನ್ನು ವಿಠ್ಠಲನೇ ಬಂದು ಕಟ್ಟಿದನೆಂದೂ ಕಥೆ. ಪುಣೆಯ ಬಳಿಯ ದೇಹುವಿನಲ್ಲಿ ತುಕಾರಾಮರು 1630ರ ಸುಮಾರಿನ ಬರದಲ್ಲಿ ಹೆಂಡತಿಯನ್ನು ಕಳೆದುಕೊಂಡರು. ಆಮೇಲೆ ಜನ ತಮಗೆ ಬರೆದುಕೊಟ್ಟ ಸಾಲಪತ್ರಗಳಲ್ಲಿ ತಮ್ಮ ಪಾಲಿನವನ್ನು ಇಂದ್ರಾಯಣಿಗೆ ಹಾಕಿದರು ಎನ್ನುತ್ತದೆ ವಾರಕರಿ ಪರಂಪರೆ.

ಲಾರಿಯ ವಿಷಯಕ್ಕೆ ಬರೋಣ. ಬೇಯಿಸಿದ ಅನ್ನ ಬೇಡ, ತಲುಪುವಷ್ಟರಲ್ಲಿ ಹಳಸುತ್ತದೆ. ನೀರು, ಒಲೆ ಎರಡೂ ಇಲ್ಲದವರು ತಿನ್ನಬಹುದಾದ್ದು ಅವಲಕ್ಕಿ, ಹುರಿಗಡಲೆ, ಬೆಲ್ಲ. ಒಬ್ಬರಿಗೆ ದಿನಕ್ಕೆ ಅವಲಕ್ಕಿ 250 ಗ್ರಾಂ, ಹುರಿಗಡಲೆ 100, ಬೆಲ್ಲ 50. ನಾಲ್ಕು ಜನಕ್ಕೆ ಮೂರು ದಿನದ ಚೀಲ ಕಟ್ಟಿದರೆ 3 ಕಿಲೋ, 1.2 ಕಿಲೋ, 600 ಗ್ರಾಂ, ಒಟ್ಟು 4.8 ಕಿಲೋ. ಮೊಣಕಾಲುದ್ದ ಕೆಸರಿನಲ್ಲಿ ಒಬ್ಬ ಹೆಂಗಸು ಎತ್ತಿಕೊಂಡು ನಡೆಯಬಲ್ಲ ತೂಕ. ಅವಲಕ್ಕಿ ತೆಳುವಾದದ್ದೇ ಆಗಲಿ, ಗಟ್ಟಿಯದಕ್ಕೆ ನೆನೆಯಲು ನೀರು ಹೆಚ್ಚು ಬೇಕು. ಬೆಲ್ಲವನ್ನು ಬೇರೆ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ, ಕರಗಿದರೆ ಇಡೀ ಚೀಲ ಮುದ್ದೆ. ಒಆರ್‌ಎಸ್ ಪೊಟ್ಟಣ, ಪ್ಯಾಡು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಬೆಂಕಿಪೊಟ್ಟಣ ಸೇರಿಸಿ. ಎಲ್ಲ ಚೀಲದಲ್ಲೂ ಒಂದೇ ಸಾಮಾನು, ಒಂದೇ ಅಳತೆ. ಇಲ್ಲವಾದರೆ ಹಂಚುವ ಕಡೆ ನೂಕುನುಗ್ಗಲು. ಹೊರಗೆ ಆ ಊರಿನ ಭಾಷೆಯಲ್ಲಿ ಬರೆಸಿ.

ಹಳೆಯ ಬಟ್ಟೆ ದಯವಿಟ್ಟು ಬೇಡ. 2004ರ ಸುನಾಮಿಯ ನಂತರ ನಾಗಪಟ್ಟಣದ ಕಡೆ ದೇಶವೆಲ್ಲ ಕಳಿಸಿದ ಬಟ್ಟೆ ರಸ್ತೆ ಬದಿಯಲ್ಲಿ ರಾಶಿ ಬಿದ್ದು ಕೊಳೆಯಿತು. ಲಾರಿ ಹೊರಡುವ ಮುಂಚೆ ಆ ಜಿಲ್ಲೆಯ ಎಸ್‌ಟಿಡಿ ಕೋಡ್ ಹಾಕಿ 1077ಕ್ಕೆ, ಅಂದರೆ ಜಿಲ್ಲಾ ನಿಯಂತ್ರಣ ಕೊಠಡಿಗೆ, ಕರೆ ಮಾಡಿ ಏನು ಬೇಕು, ಎಲ್ಲಿ ಇಳಿಸಬೇಕು ಎಂದು ಕೇಳಿ.

ಮೊದಲ ಎರಡು ವಾರ ಎಲ್ಲರ ಲಾರಿಯೂ ಹೋಗುತ್ತದೆ. ಕೈಯಲ್ಲಿರುವ ಹಣದ ಮೂರನೇ ಒಂದು ಭಾಗ ಮಾತ್ರ ಈಗ ಖರ್ಚು ಮಾಡಿ, ಉಳಿದದ್ದನ್ನು ತೆಗೆದಿಡಿ. ದುರಂತವಾದ ಮೇಲಿನ ಐದನೇ ತಿಂಗಳ ಒಂದನೇ ತಾರೀಖಿಗೆ ಕ್ಯಾಲೆಂಡರಿನಲ್ಲಿ ಈಗಲೇ ಗುರುತು ಹಾಕಿ, ಅಂದು ಅಲ್ಲಿನ ಶಾಲೆಯ ಹೆಡ್‌ಮಾಸ್ತರರಿಗೆ ಫೋನ್ ಮಾಡಿ. ಯಾವ ಮಕ್ಕಳು ಬರುವುದು ನಿಲ್ಲಿಸಿದ್ದಾರೆ, ಯಾರ ಮನೆಗೆ ಹೊಲಿಗೆ ಯಂತ್ರ ಬೇಕು, ಯಾರ ಬಲೆ ಹರಿದಿದೆ ಎಂದು ಅವರಿಗೆ ಗೊತ್ತಿರುತ್ತದೆ.